ರಿಪೇರಿ ಆಯಿತೇ, ಹೇಗಾಯಿತು?

ತಾನಾಗಿ ನುಡಿಯುವ ಹಳೆಯ ವಾದ್ಯಗಳನ್ನು ಪ್ರೀತಿಸುವವರ ನಡುವೆ ಒಂದು ಸಂಗತಿ ಮತ್ತೆ ಮತ್ತೆ ನಡೆಯುತ್ತದೆ. ನೂರು ವರ್ಷ ಹಳೆಯ ಪ್ಲೇಯರ್ ಪಿಯಾನೊ, ಅಂದರೆ ತೂತು ಹೊಡೆದ ಕಾಗದದ ರೋಲಿನಿಂದ ತಾನೇ ನುಡಿಯುವ ಪಿಯಾನೊ, ಇರುವ ಯಾರೋ ಒಬ್ಬರು ಕಾಗದ ಬರೆಯುತ್ತಾರೆ, ಇಲ್ಲವೇ ಫೋನ್ ಮಾಡುತ್ತಾರೆ: ಮಧ್ಯದ ಒಂದು ಸ್ವರ ನಿಲ್ಲುವುದೇ ಇಲ್ಲ, ಏನು ಮಾಡಲಿ? ಕೇಳಿದ ತಕ್ಷಣ ನಾಲ್ಕಾರು ಊರುಗಳಿಂದ ಉತ್ತರ ಬರುತ್ತದೆ. ಕೊಳವೆ ಬಿರುಕು ಬಿಟ್ಟಿರಬೇಕು ಎನ್ನುತ್ತಾರೆ ಒಬ್ಬರು. ಬ್ಲೀಡ್ ಎಂಬ ಗಾಳಿ ಹೋಗುವ ಸಣ್ಣ ರಂಧ್ರದಲ್ಲಿ ಧೂಳು ಕೂತಿದೆ, ಅದನ್ನು ನೋಡಿ ಎನ್ನುತ್ತಾರೆ ಇನ್ನೊಬ್ಬರು. ಅದೇ ಮಾದರಿಯ ಪಿಯಾನೊ ಇರುವ ಮತ್ತೊಬ್ಬರು ಭಾನುವಾರ ತಮ್ಮದರ ಮುಂಬಾಗಿಲು ಬಿಚ್ಚಿ, ಟಾರ್ಚ್ ಹಿಡಿದು, ಅಳತೆ ತೆಗೆದು, ಪೆನ್ಸಿಲ್ಲಿನಲ್ಲಿ ಚಿತ್ರ ಬರೆದು ಕಳಿಸುತ್ತಾರೆ. ಕೇಳಿದವರು ಮನಸಾರೆ ಧನ್ಯವಾದ ಹೇಳುತ್ತಾರೆ. ಅಲ್ಲಿಗೆ ಮುಗಿಯಿತು. ಆ ಸ್ವರ ಕೊನೆಗೆ ನಿಂತಿತೇ? ದೋಷ ಕೊಳವೆಯಲ್ಲಿತ್ತೇ, ಬ್ಲೀಡಿನಲ್ಲಿತ್ತೇ, ಯಾರೂ ಊಹಿಸದ ಮೂರನೇ ಜಾಗದಲ್ಲಿತ್ತೇ? ಉತ್ತರ ಕೊಟ್ಟವರಿಗೆ ಅದು ಗೊತ್ತಾಗುವುದೇ ಇಲ್ಲ.

ಇದನ್ನು ಸಭ್ಯತೆಯ ಕೊರತೆ ಎಂದು ನಾನು ತಿಳಿಯುವುದಿಲ್ಲ. ಧನ್ಯವಾದವನ್ನು ಎಲ್ಲರೂ ಹೇಳುತ್ತಾರೆ, ಹೃದಯದಿಂದಲೇ ಹೇಳುತ್ತಾರೆ. ಆದರೆ ಅದನ್ನು ಹೇಳುವುದು ಸಲಹೆ ಕೈಸೇರಿದ ದಿನ, ವಾದ್ಯ ಬಿಚ್ಚುವ ಮೊದಲು. ಈ ಸ್ನೇಹವಲಯಕ್ಕೆ ನಿಜವಾಗಿ ಬೇಕಿರುವ ಕೃತಜ್ಞತೆ ವಾದ್ಯ ಮತ್ತೆ ಮುಚ್ಚಿದ ಮೇಲಿನದು: ಏನು ಕಂಡಿತು, ಏನು ಬದಲಾಯಿಸಿದೆ, ಏನಾಯಿತು ಎಂಬ ನಾಲ್ಕು ಸಾಲು. ಅದು ಯಾಕೆ ಅಷ್ಟು ಮುಖ್ಯ ಎಂಬುದು ವಾದ್ಯದ ಒಳಗನ್ನು ನೋಡದೆ ಅರ್ಥವಾಗುವುದಿಲ್ಲ.

ಒಂದೇ ಲಕ್ಷಣ, ಹಲವು ಕಾರಣ

ನಮ್ಮ ಹಾರ್ಮೋನಿಯಂ ತಿದಿ ಗಾಳಿಯನ್ನು ಒಳಗೆ ತುಂಬಿ ರೀಡುಗಳ ಮೂಲಕ ಹೊರದೂಡುತ್ತದೆ. ಪ್ಲೇಯರ್ ಪಿಯಾನೊದ ತಿದಿ ಮಾಡುವುದು ಇದರ ತಿರುವುಮುರುವು. ಕಾಲಲ್ಲಿ ಪೆಡಲ್ ತುಳಿದಷ್ಟೂ ಅದು ಒಳಗಿನ ಗಾಳಿಯನ್ನು ಹೀರಿ ಹೊರಹಾಕುತ್ತದೆ, ಕೆಲಸವೆಲ್ಲ ಆ ನಿರ್ವಾತದಿಂದಲೇ ನಡೆಯುತ್ತದೆ. ತೂತು ಹೊಡೆದ ಕಾಗದದ ರೋಲ್ ಹಿತ್ತಾಳೆಯ ಟ್ರ್ಯಾಕರ್ ಬಾರ್ ಮೇಲೆ ಸರಿಯುತ್ತಿರುತ್ತದೆ. ಕಾಗದದ ತೂತು ಬಾರಿನ ತೂತಿನ ಮೇಲೆ ಬಂದಾಗ ಹೊರಗಿನ ಗಾಳಿ ಸಣ್ಣ ಕೊಳವೆಯಲ್ಲಿ ಇಳಿದು ಪೌಚ್ ಎಂಬ ತೆಳು ಚರ್ಮದ ಬಿಲ್ಲೆಯ ಕೆಳಗೆ ಸೇರುತ್ತದೆ. ಬಿಲ್ಲೆ ಉಬ್ಬಿ ಮೇಲಿನ ವಾಲ್ವನ್ನು ಎತ್ತುತ್ತದೆ. ಬೆರಳುದ್ದದ ಒಂದು ಪುಟ್ಟ ತಿದಿಗೆ ನಿರ್ವಾತ ತಗಲಿ ಅದು ಪಟ್ಟನೆ ಮುಚ್ಚಿಕೊಂಡು ಪಿಯಾನೊದ ಸುತ್ತಿಗೆಯನ್ನು ತಂತಿಗೆ ಎಸೆಯುತ್ತದೆ. ಇಂಥವು 88. ಕಾಗದ ಮುಂದೆ ಸರಿದು ತೂತು ಮುಚ್ಚಿದಾಗ ಪೌಚ್ ಕೆಳಗೆ ಸಿಕ್ಕಿಬಿದ್ದ ಗಾಳಿ ಎಲ್ಲಿಗೆ ಹೋಗಬೇಕು? ಅದನ್ನು ಮೆಲ್ಲನೆ ಹೀರಿಕೊಳ್ಳಲು ಪ್ರತಿ ಸ್ವರಕ್ಕೂ ಸೂಜಿಮೊನೆಯಷ್ಟು ಸಣ್ಣ ರಂಧ್ರವೊಂದಿದೆ, ಅದೇ ಬ್ಲೀಡ್.

ಈಗ ನಿಲ್ಲದ ಸ್ವರಕ್ಕೆ ಬನ್ನಿ. ಕೊಳವೆ ಎಲ್ಲೋ ಒಡೆದಿದ್ದರೆ ಕಾಗದ ಮುಚ್ಚಿದ್ದರೂ ಗಾಳಿ ಒಳಬರುತ್ತದೆ, ಸ್ವರ ಹಿಡಿದುಕೊಳ್ಳುತ್ತದೆ. ಬ್ಲೀಡ್ ಕಟ್ಟಿಕೊಂಡಿದ್ದರೆ ಬಂದ ಗಾಳಿ ಹೊರಹೋಗದೆ ಪೌಚ್ ಉಬ್ಬಿಯೇ ಇರುತ್ತದೆ, ಆಗಲೂ ಸ್ವರ ಹಿಡಿದುಕೊಳ್ಳುತ್ತದೆ. ವಾಲ್ವಿನ ಪೀಠದ ಮೇಲೆ ಮರದ ಸಣ್ಣ ಚೂರೊಂದು ಕೂತಿದ್ದರೂ ಅಷ್ಟೇ. ಮೂರೂ ಕಿವಿಗೆ ಒಂದೇ ರೀತಿ ಕೇಳುತ್ತವೆ. ನುಡಿಯದ ಸ್ವರದ ಕಥೆಯೂ ಹೀಗೇ: ಟ್ರ್ಯಾಕರ್ ಬಾರಿನ ತೂತಿನಲ್ಲಿ ಕಾಗದದ ನಾರು ತುಂಬಿರಬಹುದು, ರಬ್ಬರ್ ಕೊಳವೆ ಮಡಿಸಿಕೊಂಡಿರಬಹುದು, ಪುಟ್ಟ ತಿದಿಯ ಬಟ್ಟೆ ಹರಿದಿರಬಹುದು. ಪೌಚಿನ ಚರ್ಮ ಒಣಗಿ ಗಾಳಿ ಸೋರುವಂತಾಗಿದ್ದರಂತೂ ಪತ್ತೆಹಚ್ಚುವುದು ಕಷ್ಟ. ಸೋರುವ ಚರ್ಮವೇ ಇನ್ನೊಂದು ಬ್ಲೀಡಿನಂತೆ ವರ್ತಿಸುತ್ತದೆ, ಜೋರಾಗಿ ತುಳಿದಾಗ ಸ್ವರ ಬರುತ್ತದೆ, ಮೆಲ್ಲಗೆ ತುಳಿದಾಗ ಮಾಯವಾಗುತ್ತದೆ.

ಹಾಗಾಗಿ ದೂರದಲ್ಲಿ ಕೂತು ಸಲಹೆ ಕೊಡುವವರು ಎಷ್ಟೇ ಬಲ್ಲವರಾದರೂ ಕೊಡುವುದು ಸಾಧ್ಯತೆಗಳ ಪಟ್ಟಿಯನ್ನು. ಯಾವ ಕಂಪನಿಯ, ಯಾವ ಕಾಲದ ಪಿಯಾನೊದಲ್ಲಿ ಯಾವ ದೋಷ ಹೆಚ್ಚು ಎಂಬ ಅನುಭವ ಬೆಳೆಯಬೇಕಾದರೆ ಫಲಿತಾಂಶ ತಿರುಗಿ ಬರಬೇಕು. "ಕೊಳವೆ ಸರಿಯಾಗಿತ್ತು, ಬ್ಲೀಡಿನಲ್ಲಿ ಹಸಿರು ಕಿಲುಬು ಕೂತಿತ್ತು, ತೆಗೆದ ಮೇಲೆ ಸರಿಯಾಯಿತು" ಎಂಬ ಒಂದು ವಾಕ್ಯ ಬಂದರೆ ಉತ್ತರ ಕೊಟ್ಟ ನಾಲ್ವರ ತಿಳಿವಳಿಕೆಯೂ ಒಂದೊಂದು ಹೆಜ್ಜೆ ಮುಂದೆ ಹೋಗುತ್ತದೆ. ಸಲಹೆ ತಪ್ಪಾಗಿತ್ತು ಎಂದು ತಿಳಿಸಲು ಸಂಕೋಚಪಟ್ಟು ಎಷ್ಟೋ ಜನ ಸುಮ್ಮನಾಗುತ್ತಾರೆ. ಸಂಕೋಚ ಬೇಡವೇ ಬೇಡ. ತಾವು ಹೇಳಿದ್ದು ತಪ್ಪು ಎಂದು ತಿಳಿಯುವುದು ಬಲ್ಲವರಿಗೆ ತುಂಬ ಬೆಲೆಯುಳ್ಳ ಸುದ್ದಿ.

ಇಬ್ಬರು ಬೇಕಾದ ಕೆಲಸ

ಈ ಹವ್ಯಾಸದಲ್ಲಿ ಗೆಳೆತನ ಬೆಳೆಯುವುದಕ್ಕೆ ಒಂದು ಸರಳ ಕಾರಣವೆಂದರೆ ಎಷ್ಟೋ ಕೆಲಸಗಳು ಒಬ್ಬರಿಂದ ಆಗುವುದೇ ಇಲ್ಲ. ಹೊಸದಾಗಿ ದುರಸ್ತಿಯಾದ ಸ್ಟ್ಯಾಕನ್ನು, ಅಂದರೆ ಆ 88 ವಾಲ್ವು-ತಿದಿಗಳ ಗೂಡನ್ನು, ಪರೀಕ್ಷಿಸುವುದನ್ನೇ ನೋಡಿ. ಮೊದಲು ಟ್ರ್ಯಾಕರ್ ಬಾರಿನ ಉದ್ದಕ್ಕೂ ಕಾಗದದ ಟೇಪ್ ಅಂಟಿಸಿ ಎಲ್ಲ ತೂತುಗಳನ್ನೂ ಮುಚ್ಚಬೇಕು. ಒಬ್ಬರು ಪೆಡಲ್ ತುಳಿಯುತ್ತ ನಿರ್ವಾತವನ್ನು ಒಂದೇ ಮಟ್ಟದಲ್ಲಿ ಹಿಡಿದಿರುತ್ತಾರೆ. ಇನ್ನೊಬ್ಬರು ಅರ್ಧ ಗಜದ ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಗೆ ಇಟ್ಟುಕೊಂಡು ಮತ್ತೊಂದು ತುದಿಯನ್ನು ಸ್ಟ್ಯಾಕಿನ ಪ್ರತಿ ಸಂದಿನ ಮೇಲೂ ಓಡಿಸುತ್ತಾರೆ. ಸೋರುವ ಕಡೆ 'ಸ್‌ಸ್' ಎಂಬ ಸದ್ದು ಕಿವಿಯಲ್ಲಿ ಏಳುತ್ತದೆ, ಅಲ್ಲೊಂದು ಸೀಮೆಸುಣ್ಣದ ಗುರುತು ಬೀಳುತ್ತದೆ. ಈ ಹಂತದಲ್ಲಿ ಒಂದು ಸ್ವರವೂ ನುಡಿಯಬಾರದು. ನುಡಿದರೆ ದೋಷ ಬಾರಿನಿಂದ ಈಚೆಗಿದೆ ಎಂದರ್ಥ. ಆಮೇಲೆ ಟೇಪನ್ನು ಒಂದೊಂದೇ ತೂತಿನಷ್ಟು ಸುಲಿಯುತ್ತ, ಬೆರಳಿನಿಂದ ಮುಚ್ಚಿ ತೆರೆದು ಮುಚ್ಚಿ ತೆರೆದು, ಪ್ರತಿ ಸ್ವರ ಎಷ್ಟು ಬೇಗ ಮರುಕಳಿಸುತ್ತದೆ ಎಂದು ಕೇಳಬೇಕು. ಮರುಕಳಿಕೆ ಮಂದವಾಗಿದ್ದರೆ ಬ್ಲೀಡ್ ನೋಡಿ. ತುಳಿತವನ್ನು ಇಳಿಸಿ ಮತ್ತೊಮ್ಮೆ ಅದೇ ಪರೀಕ್ಷೆ ಮಾಡಿ, ಏಕೆಂದರೆ ಜೋರು ನಿರ್ವಾತದಲ್ಲಿ ಎಲ್ಲ ದೋಷಗಳೂ ಮುಚ್ಚಿಹೋಗುತ್ತವೆ. ತುಳಿಯುವವರ ಕಾಲು ಸೋಲುತ್ತದೆ, ಕೇಳುವವರ ಕತ್ತು ಹಿಡಿಯುತ್ತದೆ, ಜಾಗ ಬದಲಾಗುತ್ತದೆ. ಒಂದು ಸಂಜೆ ಹೀಗೆ ಕಳೆದವರು ಅಪರಿಚಿತರಾಗಿ ಉಳಿಯುವುದು ಕಷ್ಟ.

ಬಾರಿನ ತೂತಿನಲ್ಲಿ ನಾರು ಸಿಕ್ಕಿಕೊಂಡಾಗ ಊದಬೇಡಿ. ಊದಿದರೆ ಕಸ ನೇರವಾಗಿ ಪೌಚಿನ ಕೆಳಕ್ಕೆ, ಬ್ಲೀಡಿನ ಬಾಯಿಗೆ ಹೋಗಿ ಕೂರುತ್ತದೆ. ಹೊರಗಿನಿಂದ ಹೀರುವ ಕೈಪಂಪು ಇದಕ್ಕೆಂದೇ ಇದೆ, ಬಾರಿಗೆ ಒತ್ತಿ ಹಿಡಿದು ಎಳೆದರೆ ಸಾಕು. ವೇಗದ ಪರೀಕ್ಷೆಗೂ ಇನ್ನೊಬ್ಬರ ಕೈ ಅನುಕೂಲ: ಟೆಂಪೋ ಮುಳ್ಳನ್ನು 70ಕ್ಕೆ ಇಟ್ಟರೆ ಒಂದು ನಿಮಿಷಕ್ಕೆ 7 ಅಡಿ ಕಾಗದ ಸರಿಯಬೇಕು. ಪರೀಕ್ಷೆಯ ರೋಲ್ ಇಲ್ಲದಿದ್ದರೆ ಹಾಳಾದ ರೋಲಿನ ಮೇಲೆ 7 ಅಡಿಗೆ ಪೆನ್ಸಿಲ್ ಗೆರೆ ಹಾಕಿ, ಒಬ್ಬರು ಗಡಿಯಾರ ಹಿಡಿದರೆ ಸಾಕು.

ಅಂಟಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಕೃತಜ್ಞತೆಯ ಒಂದು ಮುಖ ಅಲ್ಲಿದೆ. ಮೂಲ ತಯಾರಕರು ಬಳಸಿದ್ದು ಪ್ರಾಣಿಗಳ ಚರ್ಮದಿಂದ ತೆಗೆದ ಬಿಸಿ ಅಂಟು. ಹರಳುಗಳನ್ನು ತಣ್ಣೀರಿನಲ್ಲಿ ನೆನೆಸಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸಬೇಕು. ಕುದಿಸಿದರೆ ಅದರ ಹಿಡಿತ ಹೋಗುತ್ತದೆ. ಹಚ್ಚಿದ ಒಂದೆರಡು ನಿಮಿಷದಲ್ಲೇ ಅದು ಗಟ್ಟಿಗೊಳ್ಳಲು ಶುರುವಾಗುವುದರಿಂದ ಬಟ್ಟೆಯ ಪಟ್ಟಿಯನ್ನು ಮೊದಲೇ ಕತ್ತರಿಸಿ, ಸಾಲಾಗಿ ಜೋಡಿಸಿ ಇಟ್ಟುಕೊಂಡಿರಬೇಕು. ಇಷ್ಟು ಕಷ್ಟ ಯಾಕೆ, ಬಾಟಲಿಯ ಬಿಳಿ ಅಂಟು ಹಚ್ಚಿದರೆ ಆಗದೇ ಎಂದು ಹೊಸಬರು ಕೇಳುತ್ತಾರೆ. ಇವತ್ತಿಗೆ ಆಗುತ್ತದೆ. ಆದರೆ ರಬ್ಬರ್ ಲೇಪಿಸಿದ ಬಟ್ಟೆ ಕೆಲವು ದಶಕಗಳಲ್ಲಿ ಮತ್ತೆ ಬಿರಿಯುತ್ತದೆ. ಆಗ ತೆಗೆಯುವವರಿಗೆ ಬಿಸಿ ಅಂಟು ತೇವಕ್ಕೂ ಶಾಖಕ್ಕೂ ಬಿಟ್ಟುಕೊಡುತ್ತದೆ, ಬಿಳಿ ಅಂಟು ಮರದ ನಾರನ್ನೇ ಕಿತ್ತುಕೊಂಡು ಬರುತ್ತದೆ. ಸುಲಿದುಹೋದ ಹಲಗೆಗೆ ಬಟ್ಟೆ ಮತ್ತೆ ಗಾಳಿ ಬಿಡದಂತೆ ಕೂರುವುದಿಲ್ಲ, ಕೆಲವೊಮ್ಮೆ ಹಲಗೆಗಳನ್ನೇ ಹೊಸದಾಗಿ ಮಾಡಬೇಕಾಗುತ್ತದೆ. 1910-20ರ ದಶಕದ ಕೆಲಸಗಾರರು ಬಿಚ್ಚಲು ಬರುವ ಅಂಟು ಬಳಸಿದ್ದರಿಂದಲೇ ಇವತ್ತು ಇಷ್ಟು ವಾದ್ಯಗಳು ನುಡಿಯುತ್ತಿವೆ. ಅವರಿಗೆ ಕೃತಜ್ಞತೆ ಹೇಳಲು ಬೇರೆ ದಾರಿಯಿಲ್ಲ, ನಾವೂ ಬಿಚ್ಚಲು ಬರುವಂತೆ ಅಂಟಿಸಬೇಕು.

ಒಂದೇ ಪ್ರತಿ ಇರುವ ರೋಲ್

ರೋಲ್‌ಗಳನ್ನು ಒಬ್ಬರಿಗೊಬ್ಬರು ಕೊಟ್ಟು ತೆಗೆದುಕೊಳ್ಳಲು ಸಾಧ್ಯವಾಗಿರುವುದೇ 1908ರಲ್ಲಿ ಅಮೆರಿಕದ ಬಫಲೋ ನಗರದಲ್ಲಿ ತಯಾರಕರು ಸೇರಿ ಮಾಡಿಕೊಂಡ ಒಪ್ಪಂದದಿಂದ. ಅಲ್ಲಿಯವರೆಗೆ ಒಬ್ಬೊಬ್ಬರ ರೋಲ್ ಒಂದೊಂದು ಅಳತೆ. ರೋಲಿನ ಅಗಲ ಹನ್ನೊಂದೂಕಾಲು ಇಂಚು, 65 ಸ್ವರದ ರೋಲಿಗೆ ಇಂಚಿಗೆ 6 ತೂತು, 88 ಸ್ವರದ್ದಕ್ಕೆ ಇಂಚಿಗೆ 9 ಎಂದು ಅಲ್ಲಿ ನಿಶ್ಚಯವಾಯಿತು. ಮಾರುಕಟ್ಟೆಯಲ್ಲಿ ಸೆಣಸುತ್ತಿದ್ದ ಕಂಪನಿಗಳ ಆ ಒಪ್ಪಂದದ ಫಲವನ್ನು ನೂರು ವರ್ಷ ದಾಟಿದ ಮೇಲೂ ಹವ್ಯಾಸಿಗಳು ಉಣ್ಣುತ್ತಿದ್ದಾರೆ: ಯಾವುದೋ ದೇಶದ ಅಟ್ಟದಲ್ಲಿ ಸಿಕ್ಕ 88 ಸ್ವರದ ರೋಲ್ ಇನ್ನಾವುದೋ ಕಂಪನಿಯ ಪಿಯಾನೊದಲ್ಲಿ ನುಡಿಯುತ್ತದೆ. ತಟ್ಟೆಯಾಕಾರದ ಲೋಹದ ಡಿಸ್ಕ್ ಇರುವ ಮ್ಯೂಸಿಕ್ ಬಾಕ್ಸ್‌ಗಳಿಗೆ ಈ ಭಾಗ್ಯ ಬರಲಿಲ್ಲ. ಲೈಪ್‌ಜಿಗ್‌ನ ಸಿಂಫೋನಿಯನ್ ಮತ್ತು ಪಾಲಿಫೋನ್ ಕಂಪನಿಗಳು ಒಂದೇ ಊರಿನವಾದರೂ ಡಿಸ್ಕಿನ ವ್ಯಾಸ, ತಿರುಗಿಸುವ ವ್ಯವಸ್ಥೆ ಎಲ್ಲ ಬೇರೆ ಬೇರೆ. ಹಾಗಾಗಿ ತನಗೆ ಉಪಯೋಗವಿಲ್ಲದ ಡಿಸ್ಕ್ ಸಿಕ್ಕವರು ಅದು ಯಾರ ಯಂತ್ರಕ್ಕೆ ಹೊಂದುತ್ತದೆ ಎಂದು ಹುಡುಕಿ ಕಳಿಸುವುದು ಆ ವಲಯದ ಪದ್ಧತಿಯೇ ಆಗಿದೆ.

ಅಪರೂಪದ ರೋಲ್ ಎರವಲು ಕೊಡುವುದು ದೊಡ್ಡ ನಂಬಿಕೆಯ ಕೆಲಸ. ಅಂದಿನ ಅಗ್ಗದ ಕಾಗದ ಆಮ್ಲದಿಂದ ಹಳದಿಯಾಗಿ, ಅಂಚು ಮುಟ್ಟಿದರೆ ಉದುರುವ ಸ್ಥಿತಿಯಲ್ಲಿರುತ್ತದೆ. ಗಾಳಿಯಲ್ಲಿ ತೇವ ಹೆಚ್ಚಾದರೆ ಕಾಗದ ಅಡ್ಡಕ್ಕೆ ಹಿಗ್ಗಿ ತೂತುಗಳ ಸಾಲು ಬಾರಿನ ಸಾಲಿಗೆ ಹೊಂದದೆ ಪಕ್ಕದ ಸ್ವರವೂ ಜೊತೆಗೆ ನುಡಿಯತೊಡಗುತ್ತದೆ. ಮಳೆಗಾಲದ ಕರಾವಳಿಯಲ್ಲಿ ಕಾಗದ ಇಟ್ಟುಕೊಂಡ ಯಾರಿಗೂ ಇದನ್ನು ವಿವರಿಸಬೇಕಿಲ್ಲ. ಅಂಥದ್ದನ್ನು ನಕಲು ಮಾಡುವವರು ರೋಲನ್ನು ಸ್ಕ್ಯಾನ್ ಮಾಡಿ, ತೂತು ಹೊಡೆಯುವ ಮೂಲ ಯಂತ್ರ ಒಂದೊಂದು ಹೊಡೆತಕ್ಕೆ ಕಾಗದವನ್ನು ಎಷ್ಟು ಮುಂದೆ ಸರಿಸುತ್ತಿತ್ತು ಎಂದು ಲೆಕ್ಕಹಾಕಿ, ಆ ಹೆಜ್ಜೆಗೇ ಹೊಸ ಪ್ರತಿ ಕೊರೆಯುತ್ತಾರೆ. ಒಂದು ಪ್ರತಿ ಕೊರೆಯುವುದು ದುಬಾರಿ, ಹಲವರು ಸೇರಿದರೆ ಖರ್ಚು ಹಂಚಿಹೋಗುತ್ತದೆ. ಇಲ್ಲಿ ಸಲ್ಲಬೇಕಾದ ಕೃತಜ್ಞತೆ ತೀರ ಸ್ಪಷ್ಟ: ಮೂಲ ರೋಲ್ ಹೋದ ಹಾಗೇ ಹಿಂದಿರುಗಬೇಕು, ಜೊತೆಗೆ ಹೊಸ ಪ್ರತಿಯೊಂದು ಹೋಗಬೇಕು, ಸ್ಕ್ಯಾನ್ ಇಬ್ಬರ ಬಳಿಯೂ ಉಳಿಯಬೇಕು.

ಹೀಗೆ ಎರಡು ಕಡೆ ಉಳಿಯುವುದರ ಬೆಲೆ ಏನೆಂದು ಜರ್ಮನಿಯ ಫ್ರೈಬರ್ಗ್ ನಗರ ತೋರಿಸಿದೆ. ಪಿಯಾನೊ ವಾದಕರ ಸ್ಪರ್ಶದ ಏರಿಳಿತವನ್ನೂ ಕಾಗದದಲ್ಲಿ ಹಿಡಿದಿಟ್ಟ ವೆಲ್ಟೆ-ಮಿನ್ಯೊನ್ ವ್ಯವಸ್ಥೆಯನ್ನು ಎಡ್ವಿನ್ ವೆಲ್ಟೆ ಮತ್ತು ಕಾರ್ಲ್ ಬೋಕಿಶ್ 1904ರಲ್ಲಿ ಹೊರತಂದದ್ದು ಇಲ್ಲಿಂದ. 1944ರ ನವೆಂಬರ್ 27ರ ಬಾಂಬ್ ದಾಳಿಯಲ್ಲಿ ಅವರ ಕಾರ್ಖಾನೆ ನೆಲಸಮವಾಯಿತು. ಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ಕ್ಯಾಲಿಫೋರ್ನಿಯಾದ ರಿಚರ್ಡ್ ಸೈಮಂಟನ್ ಅವರಿಬ್ಬರನ್ನು ಹುಡುಕಿಕೊಂಡು ಜರ್ಮನಿಗೆ ಹೋದರು, ಉಳಿದಿದ್ದ ರೋಲ್‌ಗಳನ್ನು ಪಡೆದು ಧ್ವನಿಮುದ್ರಣ ಮಾಡಿಸಿದರು. ಸೋತ ದೇಶದ ಇಬ್ಬರು ವೃದ್ಧರ ಮುಂದೆ ಗೆದ್ದ ದೇಶದ ಹವ್ಯಾಸಿಯೊಬ್ಬ ಕೂತು, ಯಾರೂ ಕೇಳದಿದ್ದ ತಂತ್ರಜ್ಞಾನದ ಬಗ್ಗೆ ಕೇಳಿದ ಆ ಭೇಟಿ ನನಗೆ ಈ ಹವ್ಯಾಸದ ಇತಿಹಾಸದಲ್ಲೇ ಅತಿ ಪ್ರೀತಿಯ ಘಟನೆ. ಅಮೆರಿಕದಲ್ಲಿ ಮ್ಯೂಸಿಕ್ ಬಾಕ್ಸ್ ಆಸಕ್ತರ ಸಂಘ 1949ರಲ್ಲಿ, ಬ್ರಿಟನ್ನಿನಲ್ಲಿ 1962ರಲ್ಲಿ, ಪ್ಲೇಯರ್ ಪಿಯಾನೊ ಕಡೆಯ ಆಮಿಕಾ ಸಂಘ 1963ರಲ್ಲಿ ಹುಟ್ಟಿದವು. ತಯಾರಕರು ಕಣ್ಮರೆಯಾಗುತ್ತಿದ್ದ ಆ ಕಾಲದಲ್ಲಿ ಅವರ ತಿಳಿವಳಿಕೆಯನ್ನು ಹಿಡಿದಿಟ್ಟವರು ಇಂಥ ಹವ್ಯಾಸಿಗಳೇ.

ಗದರಿಸುವ ಗೆಳೆಯರು

ಸಿಲಿಂಡರ್ ಮ್ಯೂಸಿಕ್ ಬಾಕ್ಸ್ ಹೊಸದಾಗಿ ಕೊಂಡವರಿಗೆ ಹಳಬರು ಮೊದಲ ದಿನವೇ ಹೇಳುವುದು ಒಂದೇ ಮಾತು: ಸ್ಪ್ರಿಂಗಿನ ಬಿಗಿ ಪೂರ್ತಿ ಇಳಿಸದೆ ಒಂದು ಸ್ಕ್ರೂ ಕೂಡ ಮುಟ್ಟಬೇಡ. ಹೇಳುವ ಧಾಟಿ ಕಟುವಾಗಿಯೇ ಇರುತ್ತದೆ. ಕಾರಣವಿದೆ. ಹಿತ್ತಾಳೆಯ ಸಿಲಿಂಡರಿನ ಮೇಲೆ ಸಾವಿರಾರು ಉಕ್ಕಿನ ಮುಳ್ಳುಗಳಿರುತ್ತವೆ, ಅವು ಉಕ್ಕಿನ ಬಾಚಣಿಗೆಯ ಹಲ್ಲುಗಳನ್ನು ಮೀಟುತ್ತವೆ. ಸಿಲಿಂಡರ್ ನಿಧಾನವಾಗಿ ತಿರುಗುವಂತೆ ಹಿಡಿದಿಡುವುದು ಗಾಳಿರೆಕ್ಕೆಯಿರುವ ಒಂದು ಸಣ್ಣ ಗವರ್ನರ್ ಮಾತ್ರ. ಸ್ಪ್ರಿಂಗಿನಲ್ಲಿ ಬಲವಿರುವಾಗ ಅದನ್ನು ಸಡಿಲಿಸಿದರೆ ಸಿಲಿಂಡರ್ ಒಂದೆರಡು ಸೆಕೆಂಡಿನಲ್ಲಿ ಸುತ್ತಿ ಮುಗಿಸಿಬಿಡುತ್ತದೆ, ಹಲ್ಲುಗಳು ಮುರಿದು ಚೆಲ್ಲುತ್ತವೆ, ಮುಳ್ಳುಗಳು ಸಾಲಾಗಿ ಮಲಗುತ್ತವೆ. ಇಂಗ್ಲಿಷ್ ಬಲ್ಲ ಹವ್ಯಾಸಿಗಳು ಇದನ್ನು 'ರನ್' ಎನ್ನುತ್ತಾರೆ. ಮತ್ತೆ ಮುಳ್ಳು ನೆಡುವುದೆಂದರೆ ಹಳೆಯವನ್ನೆಲ್ಲ ತೆಗೆದು, ಒಂದೊಂದನ್ನೇ ಕೈಯಲ್ಲಿ ಸಿಕ್ಕಿಸಿ, ಒಳಗೆ ರಾಳದ ಗಾರೆ ಕರಗಿಸಿ ಹಿಡಿಸಿ, ಎತ್ತರ ಸಮ ಬರುವಂತೆ ಉಜ್ಜುವುದು. ತಿಂಗಳುಗಟ್ಟಲೆ ಕೆಲಸ.

ಆದ್ದರಿಂದ ಕ್ರಮ ಹೀಗೆ: ಹಾಡು ಕೊನೆಯವರೆಗೆ ನುಡಿಯಲಿ, ಮಧ್ಯದಲ್ಲಿ ನಿಲ್ಲಿಸಿ ಪೆಟ್ಟಿಗೆ ಎತ್ತಬೇಡಿ, ಮುಳ್ಳುಗಳು ಹಲ್ಲಿಗೆ ಸಿಕ್ಕಿಕೊಂಡಿರುವಾಗ ಅಲುಗಿದರೆ ಬಾಗುತ್ತವೆ. ಸ್ಪ್ರಿಂಗ್ ಪೂರ್ತಿ ಇಳಿಸಿ. ಆಮೇಲೆ ಮೊದಲು ಬಾಚಣಿಗೆ ತೆಗೆಯಿರಿ, ಏಕೆಂದರೆ ಎಲ್ಲೋ ಬಲ ಉಳಿದು ಸಿಲಿಂಡರ್ ಓಡಿದರೂ ಆಗ ಮುರಿಯಲು ಹಲ್ಲುಗಳಿರುವುದಿಲ್ಲ. ಗವರ್ನರ್ ಕೊನೆಗೆ. ಬಾಚಣಿಗೆ ತಿರುಗಿಸಿ ನೋಡಿದಾಗ ಮಂದ್ರದ ಹಲ್ಲುಗಳ ಕೆಳಗಿನ ಸೀಸದ ತೂಕಗಳು ಬಿಳಿಪುಡಿ ಬಿಟ್ಟು ಊದಿಕೊಂಡಿದ್ದರೆ ಅದು ಮರದಿಂದ ಹೊರಡುವ ಆಮ್ಲದ ಆವಿಯ ಕೆಲಸ. ಊದಿದ ಸೀಸ ಪಕ್ಕದ ಹಲ್ಲಿಗೆ ತಗಲಿ ಎರಡೂ ಸ್ವರ ಸಾಯುತ್ತವೆ. ಹಲ್ಲಿನ ತುದಿಯ ತೂಕ ತೆಗೆದರೆ ಶ್ರುತಿ ಏರುತ್ತದೆ, ಬುಡದಲ್ಲಿ ಅರ ಹಾಕಿದರೆ ಇಳಿಯುತ್ತದೆ. ಹಾರ್ಮೋನಿಯಂ ರೀಡು ಕೆರೆದು ಶ್ರುತಿ ಮಾಡಿದವರ ಕೈಗೆ ಇದು ತಕ್ಷಣ ಹತ್ತುತ್ತದೆ, ನಿಯಮ ಒಂದೇ.

ಕಟುವಾಗಿ ಹೇಳುವವರ ಬಗ್ಗೆ ಹೊಸಬರು ಮುನಿಸಿಕೊಳ್ಳುವುದುಂಟು. ನಯವಾಗಿಯೇ ಹೇಳಬಹುದಿತ್ತು, ನಿಜ. ಆದರೂ ಆ ಗದರಿಕೆಯನ್ನು ನಾನು ಪ್ರೀತಿ ಎಂದೇ ಎಣಿಸುತ್ತೇನೆ. ಮುರಿದ ಬಾಚಣಿಗೆಯನ್ನು ಕಣ್ಣಾರೆ ಕಂಡವರು ಮಾತ್ರ ಹಾಗೆ ಗದರಿಸುತ್ತಾರೆ.

ಶ್ರೀರಂಗಪಟ್ಟಣದ ಹುಲಿ

ಸ್ವಯಂಚಾಲಿತ ವಾದ್ಯಗಳ ಲೋಕದಲ್ಲಿ ನಮ್ಮ ನಾಡಿನ ಹೆಸರು ಹೊತ್ತ ಯಂತ್ರವೊಂದಿದೆ: ಟಿಪ್ಪುವಿನ ಹುಲಿ, ಸೈನಿಕನೊಬ್ಬನ ಮೇಲೆ ಎರಗಿದ ಮರದ ಹುಲಿ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಅರಮನೆಯಿಂದ ಹೊರಟು, ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿಯ ಕಟ್ಟಡ ಸೇರಿ, ಈಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಹಿಡಿಕೆ ತಿರುಗಿಸಿದರೆ ಕೆಳಗೆ ಬಿದ್ದ ಸೈನಿಕನ ಕೈ ಮೇಲೇಳುತ್ತದೆ, ಅವನ ಗಂಟಲಿನ ಕೊಳವೆಯಿಂದ ನರಳಿಕೆ, ಹುಲಿಯ ತಲೆಯೊಳಗಿನ ತಿದಿಯಿಂದ ಗುರುಗುಟ್ಟುವಿಕೆ ಬರುತ್ತದೆ. ಹುಲಿಯ ಪಕ್ಕೆಯ ಬಾಗಿಲು ತೆರೆದರೆ 18 ಸ್ವರಗಳ ಪುಟ್ಟ ಆರ್ಗನ್. ಕಂಪನಿಯ ಓದುಮನೆಯಲ್ಲಿ ಬಂದವರೆಲ್ಲ ಹಿಡಿಕೆ ತಿರುಗಿಸಿ ತಿರುಗಿಸಿ, ಕೊನೆಗೆ ಹಿಡಿಕೆಯೇ ಇಲ್ಲವಾಯಿತು. ಎರಡನೇ ಮಹಾಯುದ್ಧದಲ್ಲಿ ಮೇಲಿನ ಛಾವಣಿ ಕುಸಿದು ಮರದ ಮೈ ನೂರಾರು ಚೂರಾಯಿತು. ಆ ಚೂರುಗಳನ್ನು ತಾಳ್ಮೆಯಿಂದ ಜೋಡಿಸಿ 1947ರ ಹೊತ್ತಿಗೆ ಅದನ್ನು ಮತ್ತೆ ಪ್ರದರ್ಶನಕ್ಕೆ ಇಟ್ಟರು.

ಆ ಕೈಗಳಿಗೆ ಎಷ್ಟು ಕೃತಜ್ಞರಾಗಿದ್ದರೂ ಸಾಲದು. ಆದರೆ ಒಳಗಿನ ಆರ್ಗನ್ನಿನ ವಿಷಯ ಬೇರೆ. ಕಾಲಕಾಲಕ್ಕೆ ನಡೆದ ದುರಸ್ತಿಗಳಲ್ಲಿ ಅದರ ಮೂಲ ಕಾರ್ಯವಿಧಾನ ಎಷ್ಟೋ ಬದಲಾಗಿಹೋಗಿದೆ. ಮೈಸೂರಿನ ಸುಲ್ತಾನ ಕೇಳಿದ ಶ್ರುತಿ ಯಾವುದು, ತಿದಿಯ ಒತ್ತಡ ಎಷ್ಟು ಎಂಬುದನ್ನು ಈಗಿನ ಯಂತ್ರದಿಂದ ನೇರವಾಗಿ ಓದಲು ಬರುವುದಿಲ್ಲ. ಯಾರೋ ಒಬ್ಬ ಕೆಲಸಗಾರ ಒಂದು ಕೊಳವೆ ತೆಗೆದು ಇನ್ನೊಂದು ಹಾಕುವಾಗ ಹಳೆಯದರ ಉದ್ದ ಬರೆದಿಟ್ಟಿದ್ದರೆ ಸಾಕಿತ್ತು.

ಒಳಗೆ ಇಡುವ ಕಾಗದ

ಹಳೆಯ ಪಿಯಾನೊಗಳನ್ನು ಬಿಚ್ಚಿದಾಗ ಕೀಲಿಗಳ ಬದಿಯಲ್ಲಿ, ತಿದಿಗಳ ಹಲಗೆಯ ಮೇಲೆ ಪೆನ್ಸಿಲ್ಲಿನಲ್ಲಿ ಬರೆದ ಹೆಸರು, ತಾರೀಕು ಸಿಗುವುದು ಸಾಮಾನ್ಯ. ಕಾರ್ಖಾನೆಯವರದ್ದು, ಆಮೇಲೆ ಬಂದ ಶ್ರುತಿಗಾರರದ್ದು. ಅವನ್ನು ಉಜ್ಜಿ ಅಳಿಸುವುದು ದೊಡ್ಡ ಅನ್ಯಾಯ. ಅವುಗಳ ಪಕ್ಕದಲ್ಲಿ ನಿಮ್ಮದನ್ನೂ ಸೇರಿಸಿ, ಹೆಸರಿಗಿಂತ ಹೆಚ್ಚಿನದನ್ನು ಸೇರಿಸಿ. ಯಾವ ತಿಂಗಳು, ಯಾವ ವರ್ಷ. ಯಾವ ಬಟ್ಟೆ, ಎಷ್ಟು ದಪ್ಪ. ಪುಟ್ಟ ತಿದಿಯ ಬಾಯಿ ಹಳೆಯ ಬಟ್ಟೆಯಲ್ಲಿ ಎಷ್ಟು ತೆರೆಯುತ್ತಿತ್ತು, ಹೊಸದರಲ್ಲಿ ಎಷ್ಟು. ಪೌಚ್ ಚರ್ಮಕ್ಕೆ ಏನು ಹಚ್ಚಿದಿರಿ. ಬ್ಲೀಡಿಗೆ ಯಾವ ನಂಬರಿನ ಡ್ರಿಲ್ ಕಡ್ಡಿ ಸರಿಯಾಗಿ ಹೊಕ್ಕಿತು. ಮೆಲ್ಲಗೆ ನುಡಿಯುವಾಗ ನೀರಿನ ಮಾಪಕದಲ್ಲಿ ನಿರ್ವಾತ ಎಷ್ಟು ಇಂಚು. ಯಾವ ಸ್ವರಗಳು ಕೊನೆಗೂ ಸರಿಯಾಗಲಿಲ್ಲ, ಇದನ್ನಂತೂ ಬಿಡಬೇಡಿ. ಯಾರ ಸಲಹೆ ಕೆಲಸಕ್ಕೆ ಬಂತು ಎಂಬುದನ್ನೂ ಬರೆಯಿರಿ, ಅವರಿಗೆ ಅದೇ ಕಾಗದದ ಪ್ರತಿಯೊಂದನ್ನು ಕಳಿಸಿ. ಪೆನ್ಸಿಲ್ಲೇ ಬಳಸಿ, ಶಾಯಿ ತೇವಕ್ಕೆ ಹರಡುತ್ತದೆ. ತಿದಿಯ ಗೂಡಿನೊಳಗೆ ಬಿಡಿ ಕಾಗದ ಇಡಬೇಡಿ, ಹೀರುವ ಗಾಳಿಗೆ ಸಿಕ್ಕಿ ಕವಾಟಕ್ಕೆ ಅಡ್ಡಬಂದೀತು. ಲಕೋಟೆಯಲ್ಲಿ ಹಾಕಿ ಪಿಯಾನೊದ ಕೆಳಬಾಗಿಲಿನ ಒಳಮೈಗೆ ನಾಲ್ಕು ಸಣ್ಣ ಮೊಳೆಯಿಂದ ಹಿಡಿಸಿ. ಮುಂದಿನವರು ಪೆಡಲ್ ನೋಡಲು ಮೊದಲು ತೆಗೆಯುವುದು ಆ ಬಾಗಿಲನ್ನೇ.